ಮಿಲಿಓಂ ಮಟ್ಟದ ರೋಧ ಅಳೆಯುವ ನಾಲ್ಕು ತಂತಿಯ ಸರ್ಕ್ಯೂಟ್: ಕಟ್ಟುವುದು, ಹೊಂದಿಸುವುದು, ಬಳಸುವುದು

ಸಾಮಾನ್ಯ ಡಿಜಿಟಲ್ ಮಲ್ಟಿಮೀಟರನ್ನು 200 ಓಂ ರೇಂಜಿಗೆ ಇಟ್ಟು ಎರಡೂ ಪ್ರೋಬ್‌ಗಳ ತುದಿಯನ್ನು ಒಂದಕ್ಕೊಂದು ತಾಗಿಸಿ. ಸೊನ್ನೆ ಬರುವುದಿಲ್ಲ. 0.2ರಿಂದ 0.5 ಓಂ ಆಸುಪಾಸಿನ ಸಂಖ್ಯೆ ಬರುತ್ತದೆ, ಪ್ರೋಬನ್ನು ಸ್ವಲ್ಪ ಒತ್ತಿದರೆ ಅದೂ ಬದಲಾಗುತ್ತದೆ. ಪ್ರೋಬ್ ತಂತಿ, ಮೀಟರಿನ ಸಾಕೆಟ್ಟು, ತುದಿಗಳ ಸಂಪರ್ಕ, ಇವೆಲ್ಲದರ ರೋಧ ಸೇರಿ ಅಷ್ಟಾಗುತ್ತದೆ. 10 ಕಿಲೋಓಂ ಅಳೆಯುವಾಗ ಅದನ್ನು ಮರೆತುಬಿಡಬಹುದು. ಆದರೆ ಆಂಪ್ಲಿಫೈಯರಿನ 0.22 ಓಂ ಎಮಿಟರ್ ರೆಸಿಸ್ಟರ್, ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಸುತ್ತು, ರಿಲೇ ಕಾಂಟ್ಯಾಕ್ಟ್, ಹತ್ತು ಮೀಟರ್ ಮನೆ ವೈರು ಅಳೆಯಹೊರಟರೆ ಅಳೆಯಬೇಕಾದ್ದಕ್ಕಿಂತ ಅಳೆಯುವ ತಂತಿಯದ್ದೇ ಹೆಚ್ಚಾಗುತ್ತದೆ. ತಾಗಿಸಿದಾಗ ಬಂದ ಸಂಖ್ಯೆಯನ್ನು ಕಳೆದುಬಿಟ್ಟರೂ ಕೆಲಸ ಆಗುವುದಿಲ್ಲ: ಸಂಪರ್ಕದ ರೋಧ ಪ್ರತಿ ಸಲವೂ ಬೇರೆ, ಮತ್ತು ಆ ರೇಂಜಿನಲ್ಲಿ ಮೀಟರ್ ತೋರಿಸುವ ಅತಿ ಸಣ್ಣ ಅಂತರವೇ 0.1 ಓಂ.

ಇಲ್ಲಿ ಕಟ್ಟುವ ಸರ್ಕ್ಯೂಟ್ ಅದೇ ಮೀಟರಿನಿಂದ 1 ಮಿಲಿಓಂ ತನಕ ಓದಿಸುತ್ತದೆ. ಎರಡು ರೇಂಜ್: 2 ಓಂ ಒಳಗಿನದಕ್ಕೆ 100 ಮಿಲಿಆಂಪಿಯರ್, 20 ಓಂ ಒಳಗಿನದಕ್ಕೆ 10 ಮಿಲಿಆಂಪಿಯರ್. ನಿಖರತೆ ಬರುವುದು ದುಬಾರಿ ಐಸಿಯಿಂದ ಅಲ್ಲ. ತಂತಿಯ ರೋಧವನ್ನು ಲೆಕ್ಕದಿಂದ ಹೊರಗಿಡುವುದು, ಮತ್ತು ನಂಬಬಹುದಾದ ಒಂದು ರೆಸಿಸ್ಟರ್ ಜೊತೆ ಅದೇ ಮೀಟರಿನ ಅದೇ ರೇಂಜಿನಲ್ಲಿ ಹೋಲಿಸುವುದು, ಇವೆರಡು ಸರಿಯಿದ್ದರೆ ಉಳಿದದ್ದು ತಾನಾಗಿ ಬರುತ್ತದೆ.

ನಾಲ್ಕು ತಂತಿ ಏಕೆ

ಅಳೆಯಬೇಕಾದ ವಸ್ತುವಿನ ಮೂಲಕ ಎರಡು ತಂತಿಗಳಲ್ಲಿ ಗೊತ್ತಿರುವ, ಬದಲಾಗದ ಕರೆಂಟ್ ಹರಿಸಬೇಕು. ಇವನ್ನು ಫೋರ್ಸ್ ತಂತಿಗಳು ಎನ್ನೋಣ. ವಸ್ತುವಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಬೇರೆಯೇ ಎರಡು ತಂತಿಗಳಿಂದ ಮೀಟರಿಗೆ ಒಯ್ಯಬೇಕು. ಇವು ಸೆನ್ಸ್ ತಂತಿಗಳು. ಫೋರ್ಸ್ ತಂತಿಯಲ್ಲಿ ಅರ್ಧ ಓಂ ಇದ್ದರೂ ಕರೆಂಟ್ ಬದಲಾಗುವುದಿಲ್ಲ, ಏಕೆಂದರೆ ಅದನ್ನು ಸರ್ಕ್ಯೂಟ್ ಹಿಡಿದಿಟ್ಟಿರುತ್ತದೆ. ಸೆನ್ಸ್ ತಂತಿಯಲ್ಲಿ ಅರ್ಧ ಓಂ ಇದ್ದರೂ ವೋಲ್ಟೇಜ್ ಬದಲಾಗುವುದಿಲ್ಲ, ಏಕೆಂದರೆ 10 ಮೆಗಾಓಂ ಒಳರೋಧದ ಮೀಟರ್ ಅದರಲ್ಲಿ ಕರೆಂಟನ್ನೇ ಎಳೆಯುವುದಿಲ್ಲ ಎನ್ನಬಹುದು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1860ರ ದಶಕದ ಆರಂಭದಲ್ಲಿ ಸಣ್ಣ ರೋಧ ಅಳೆಯಲು ರೂಪಿಸಿದ ಬ್ರಿಡ್ಜಿನ ಹಿಂದೆ ಇರುವುದೂ ಇದೇ ವಿಚಾರ. ಅದಕ್ಕೇ ಇದಕ್ಕೆ ಕೆಲ್ವಿನ್ ಸಂಪರ್ಕ ಎಂಬ ಹೆಸರು.

100 ಮಿಲಿಆಂಪಿಯರ್ ಹರಿಸಿ 200 ಮಿಲಿವೋಲ್ಟ್ ರೇಂಜಿನಲ್ಲಿ ಓದಿದರೆ ಲೆಕ್ಕ ಸುಲಭ: 22.0 ಮಿಲಿವೋಲ್ಟ್ ಎಂದರೆ 220 ಮಿಲಿಓಂ. ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಮಿಲಿಓಂ ಉತ್ತರ ಸಿಗುತ್ತದೆ. 10 ಮಿಲಿಆಂಪಿಯರ್ ರೇಂಜಿನಲ್ಲಿ ನೂರರಿಂದ ಗುಣಿಸಬೇಕು.

ಬೇಕಾದ ಸಾಮಾನು

ಇವೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಂಥ ಜಾಗದಲ್ಲಿ ಸಿಗುವಂಥವೇ. ಶೇ 0.1 ರೆಸಿಸ್ಟರ್‌ಗಳನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಬೇಕಾದೀತು.

- ಎಲ್‌ಎಂ317ಟಿ (ವೋಲ್ಟೇಜನ್ನು ಸ್ಥಿರವಾಗಿಡುವ ಮೂರು ಕಾಲಿನ ಐಸಿ), ಟಿಒ-220 ಕವಚದ್ದು: 1
- 100 ಮಿಲಿಆಂಪಿಯರ್‌ಗೆ: 15 ಓಂ 1 ವ್ಯಾಟ್, 47 ಓಂ ಅರ್ಧ ವ್ಯಾಟ್, 100 ಓಂ ಮಲ್ಟಿಟರ್ನ್ ಪ್ರಿಸೆಟ್ (ಸ್ಕ್ರೂ ತಿರುಗಿಸಿ ರೋಧ ಬದಲಿಸುವ ಸಣ್ಣ ರೆಸಿಸ್ಟರ್)
- 10 ಮಿಲಿಆಂಪಿಯರ್‌ಗೆ: 150 ಓಂ, 470 ಓಂ, 1 ಕಿಲೋಓಂ ಮಲ್ಟಿಟರ್ನ್ ಪ್ರಿಸೆಟ್
- 10 ಓಂ ಶೇ 0.1 ಮೆಟಲ್ ಫಿಲ್ಮ್: 11 (ಹೋಲಿಕೆಗೆ, ಇವುಗಳಲ್ಲಿ ಉಳಿತಾಯ ಬೇಡ)
- 1ಎನ್4007 ಡಯೋಡ್: 1
- 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಮತ್ತು 10 ಮೈಕ್ರೋಫ್ಯಾರಡ್ 25 ವೋಲ್ಟ್ ಎಲೆಕ್ಟ್ರೋಲಿಟಿಕ್: ಒಂದೊಂದು
- ಎರಡು ಧ್ರುವದ ಎರಡು ದಾರಿಯ ಟಾಗಲ್ ಸ್ವಿಚ್ 1 (ರೇಂಜಿಗೆ), ಸಾದಾ ಟಾಗಲ್ ಸ್ವಿಚ್ 1
- ನಾಲ್ಕು ಪೆನ್ಸಿಲ್ ಸೆಲ್ಲಿನ ಹೋಲ್ಡರ್, ಆಲ್ಕಲೈನ್ ಸೆಲ್‌ಗಳು
- ಕೆಲ್ವಿನ್ ಕ್ಲಿಪ್ ಒಂದು ಜೊತೆ, ಇಲ್ಲವೇ ನಾಲ್ಕು ಕ್ರೊಕೊಡೈಲ್ ಕ್ಲಿಪ್
- ಬೆಸುಗೆ ಹಾಕುವ ಪರ್ಫ್ ಬೋರ್ಡ್, ಬನಾನಾ ಸಾಕೆಟ್‌ಗಳು, ಪೆಟ್ಟಿಗೆ

ಕರೆಂಟ್ ನಿಗದಿ ಮಾಡುವ ರೆಸಿಸ್ಟರ್‌ಗಳು ಅಂಗಡಿಯಲ್ಲಿ ಎಂಎಫ್‌ಆರ್ ಎನ್ನುವ ಶೇ 1 ಮೆಟಲ್ ಫಿಲ್ಮ್ ಆಗಿರಲಿ. ಕಾರ್ಬನ್ ಫಿಲ್ಮ್ ಬಿಸಿಯಾದಂತೆ ಹೆಚ್ಚು ಜಾರುತ್ತದೆ. 15 ಓಂನಲ್ಲಿ ಖರ್ಚಾಗುವುದು 0.1 ವ್ಯಾಟ್ ಅಷ್ಟೇ. ಆದರೂ 1 ವ್ಯಾಟಿನದ್ದನ್ನು ಹಾಕುವುದು ಅದು ತಣ್ಣಗಿರಲಿ ಎಂದು.

ಬ್ರೆಡ್‌ಬೋರ್ಡ್ ಮೇಲೆ ಇದನ್ನು ಕಟ್ಟಬೇಡಿ. ಅದರ ಒಂದೊಂದು ಸ್ಪ್ರಿಂಗ್ ಸಂಪರ್ಕದಲ್ಲೂ ಹತ್ತಾರು ಮಿಲಿಓಂ ಇರುತ್ತದೆ, ಬೋರ್ಡ್ ಅಲುಗಿದರೆ ಅದು ಬದಲಾಗುತ್ತದೆ.

ಸ್ಥಿರ ಕರೆಂಟಿನ ಲೆಕ್ಕ

ಎಲ್‌ಎಂ317 ತನ್ನ ಔಟ್‌ಪುಟ್ ಕಾಲು ಮತ್ತು ಅಡ್ಜಸ್ಟ್ ಕಾಲಿನ ನಡುವೆ ಸುಮಾರು 1.25 ವೋಲ್ಟ್ ಕಾಯ್ದುಕೊಳ್ಳುತ್ತದೆ. ಆ ಎರಡರ ನಡುವೆ ಒಂದು ರೆಸಿಸ್ಟರ್ ಇಟ್ಟು, ಅಡ್ಜಸ್ಟ್ ಕಡೆಯಿಂದ ಲೋಡಿಗೆ ಕೊಟ್ಟರೆ 1.25ನ್ನು ಆ ರೋಧದಿಂದ ಭಾಗಿಸಿದಷ್ಟು ಕರೆಂಟ್ ಹರಿಯುತ್ತದೆ. 100 ಮಿಲಿಆಂಪಿಯರ್‌ಗೆ 12.5 ಓಂ ಬೇಕು. ಆದರೆ ಆ 1.25 ಎನ್ನುವುದು ಬಿಡಿಯಿಂದ ಬಿಡಿಗೆ 1.20ರಿಂದ 1.30ರ ತನಕ ಇರಬಹುದು. ಹಾಗಾಗಿ 12ರಿಂದ 13 ಓಂ ತನಕ ಹೊಂದಿಸಲು ಬರಬೇಕು.

ಪ್ರಿಸೆಟ್ಟನ್ನು ನೇರ ಸರಣಿಯಲ್ಲಿ ಹಾಕಿದರೆ ಪೂರ್ತಿ 100 ಮಿಲಿಆಂಪಿಯರ್ ಅದರ ಸಣ್ಣ ವೈಪರ್ (ಒಳಗೆ ಜಾರುವ ಸಂಪರ್ಕ) ಮೂಲಕವೇ ಹೋಗಬೇಕು. ಅದು ಸ್ಥಿರವಾಗಿರುವುದಿಲ್ಲ. ಬದಲಿಗೆ 15 ಓಂಗೆ ಸಮಾಂತರವಾಗಿ, 47 ಓಂ ಮತ್ತು 100 ಓಂ ಪ್ರಿಸೆಟ್ ಸರಣಿಯಾಗಿರುವ ಕವಲನ್ನು ಕಟ್ಟಿ. ಒಟ್ಟು ರೋಧ 11.4ರಿಂದ 13.6 ಓಂ ತನಕ ಬದಲಾಗುತ್ತದೆ, ವೈಪರ್ ಮೂಲಕ ಹೋಗುವುದು ಹೆಚ್ಚೆಂದರೆ 27 ಮಿಲಿಆಂಪಿಯರ್. ಪ್ರಿಸೆಟ್ ಶೇ 1ರಷ್ಟು ಜಾರಿದರೂ ಕರೆಂಟಿಗೆ ತಟ್ಟುವುದು ಅದರ ಸಣ್ಣದೊಂದು ಪಾಲು. 10 ಮಿಲಿಆಂಪಿಯರ್ ಕವಲಿಗೆ ಇದೇ ಬೆಲೆಗಳ ಹತ್ತರಷ್ಟು. ಅಡ್ಜಸ್ಟ್ ಕಾಲಿನಿಂದ ಸುಮಾರು 50 ಮೈಕ್ರೋಆಂಪಿಯರ್ ಬಂದು ಲೋಡಿಗೆ ಸೇರುತ್ತದೆ. 10 ಮಿಲಿಆಂಪಿಯರ್‌ನಲ್ಲಿ ಅದು ಶೇ 0.5, ಹೊಂದಿಸುವಾಗ ಅದೂ ಸೇರಿಹೋಗುತ್ತದೆ. 10 ಮಿಲಿಆಂಪಿಯರ್‌ಗಿಂತ ಕೆಳಗಿನ ರೇಂಜನ್ನು ಈ ಐಸಿಯಿಂದ ಮಾಡಬೇಡಿ. ಸರಿಯಾಗಿ ನಡೆಯಲು ಅದಕ್ಕೆ ಬೇಕಾದ ಕನಿಷ್ಠ ಕರೆಂಟೇ 10 ಮಿಲಿಆಂಪಿಯರ್ ತನಕ ಇರಬಹುದು.

ನಾಲ್ಕು ಸೆಲ್ಲಿನ 6 ವೋಲ್ಟ್ ಆರಿಸಿದ್ದಕ್ಕೂ ಕಾರಣವಿದೆ. ಐಸಿಗೆ ಸುಮಾರು 2 ವೋಲ್ಟ್, ನಿಗದಿ ರೆಸಿಸ್ಟರಿಗೆ 1.25, ಲೋಡ್ ಮತ್ತು ತಂತಿಗೆ ಅರ್ಧ ವೋಲ್ಟ್ ಇದ್ದರೆ ಸಾಕು. 12 ವೋಲ್ಟ್ ಕೊಟ್ಟರೆ ಒಂದು ವ್ಯಾಟಿಗೂ ಹೆಚ್ಚು ಶಾಖವಾಗಿ ಐಸಿ ಬಿಸಿಯಾಗುತ್ತದೆ, ಅದರ 1.25 ವೋಲ್ಟ್ ಸರಿಯುತ್ತದೆ, ಓದು ನಿಮಿಷಗಟ್ಟಲೆ ನಿಲ್ಲುವುದಿಲ್ಲ. 6 ವೋಲ್ಟಿನಲ್ಲಿ ಅರ್ಧ ವ್ಯಾಟಿಗೂ ಕಡಿಮೆ. 9 ವೋಲ್ಟಿನ ಚೌಕ ಬ್ಯಾಟರಿಗೆ 100 ಮಿಲಿಆಂಪಿಯರ್ ಹೊರೆ ಜಾಸ್ತಿಯಾಯಿತು. ಮೊಬೈಲ್ ಚಾರ್ಜರ್ ನಡೆಯುತ್ತದೆ, ಆದರೆ ಅದರ ಸ್ವಿಚಿಂಗ್ ಗದ್ದಲ ಕೆಲವು ಮೀಟರುಗಳನ್ನು ಕುಣಿಸುತ್ತದೆ. ನಾಲ್ಕು ಸೆಲ್ ಸೇರಿ 4.5 ವೋಲ್ಟಿಗೆ ಇಳಿದರೆ ಬದಲಿಸಿ.

ಕಟ್ಟುವ ಕ್ರಮ

1. ಎಲ್‌ಎಂ317ರ ಬರಹ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. 5 ವೋಲ್ಟಿನ 7805 ರೆಗ್ಯುಲೇಟರ್ ಐಸಿ ಬಳಸಿ ರೂಢಿಯಿದ್ದವರು ಇಲ್ಲಿ ಎಡವುತ್ತಾರೆ, ಅದರ ಕಾಲುಗಳ ಕ್ರಮವೇ ಬೇರೆ. ಹಿಂದಿನ ಲೋಹದ ತಗಡು ಔಟ್‌ಪುಟ್‌ಗೆ ಸೇರಿದೆ. ಲೋಹದ ಪೆಟ್ಟಿಗೆಗೆ ತಾಗಬಾರದು.

2. ಬ್ಯಾಟರಿ ಧನ ತುದಿಯಿಂದ ಆನ್-ಆಫ್ ಸ್ವಿಚ್ ಮೂಲಕ ಇನ್‌ಪುಟ್ ಕಾಲಿಗೆ ತಂತಿ. ಕಾಲಿನ ಬುಡದಲ್ಲೇ ಎರಡೂ ಕೆಪಾಸಿಟರ್‌ಗಳು, ಅವುಗಳ ಇನ್ನೊಂದು ತುದಿ ಬ್ಯಾಟರಿ ಋಣಕ್ಕೆ.

3. ಔಟ್‌ಪುಟ್ ಕಾಲಿನಿಂದ ರೇಂಜ್ ಸ್ವಿಚ್ಚಿನ ನಡುವಿನ ಕಾಲುಗಳಿಗೆ. ಎರಡೂ ಧ್ರುವಗಳನ್ನು ಸಮಾಂತರವಾಗಿ ಜೋಡಿಸಿ. ಸ್ವಿಚ್ಚಿನ ಸಂಪರ್ಕದಲ್ಲಿ 20 ಮಿಲಿಓಂ ಇದ್ದರೆ 12.5 ಓಂನಲ್ಲಿ ಅದು ಶೇ 0.16 ಆಗುತ್ತದೆ; ಎರಡನ್ನು ಜೋಡಿಸಿದರೆ ಅರ್ಧಕ್ಕಿಳಿಯುತ್ತದೆ. ಒಂದು ಬದಿಗೆ 15 ಓಂನ ಕವಲು, ಇನ್ನೊಂದು ಬದಿಗೆ 150 ಓಂನ ಕವಲು. ಎರಡು ಕವಲುಗಳ ಮತ್ತೊಂದು ತುದಿಗಳನ್ನು ಒಂದೇ ಬಿಂದುವಿನಲ್ಲಿ ಸೇರಿಸಿ, ಅಲ್ಲಿಗೇ ಅಡ್ಜಸ್ಟ್ ಕಾಲನ್ನೂ ತನ್ನಿ.

4. ಆ ಬಿಂದುವಿನಿಂದ ಫೋರ್ಸ್ ಧನ ಸಾಕೆಟ್. ಬ್ಯಾಟರಿ ಋಣದಿಂದ ಫೋರ್ಸ್ ಋಣ ಸಾಕೆಟ್. ಇವೆರಡರ ನಡುವೆ 1ಎನ್4007. ಅದರ ಬೆಳ್ಳಿ ಪಟ್ಟಿಯ ತುದಿ ಧನ ಕಡೆಗೆ. ಮೋಟರ್, ಟ್ರಾನ್ಸ್‌ಫಾರ್ಮರ್ ಸುತ್ತುಗಳನ್ನು ಅಳೆದು ಕರೆಂಟ್ ನಿಲ್ಲಿಸಿದಾಗ ಏಳುವ ಹಿಮ್ಮುಖ ವೋಲ್ಟೇಜನ್ನು ಇದು ನುಂಗುತ್ತದೆ.

5. ಸೆನ್ಸ್ ತಂತಿಗಳು ಸರ್ಕ್ಯೂಟಿನ ಯಾವ ಭಾಗಕ್ಕೂ ತಾಗುವುದಿಲ್ಲ. ಕ್ಲಿಪ್ಪಿನಿಂದ ನೇರ ಮೀಟರಿಗೆ. ಪೆಟ್ಟಿಗೆಯೊಳಗೆ ಸೆನ್ಸನ್ನು ಫೋರ್ಸ್ ಸಾಕೆಟ್ಟಿಗೆ ಜೋಡಿಸಿದರೆ ಇಡೀ ಶ್ರಮ ವ್ಯರ್ಥ. ಎರಡೂ ಸೆನ್ಸ್ ತಂತಿಗಳನ್ನು ಹೊಸೆದು ತಂದರೆ 50 ಹರ್ಟ್ಸ್ ಗದ್ದಲ ಕಡಿಮೆಯಾಗುತ್ತದೆ.

ಕೆಲ್ವಿನ್ ಕ್ಲಿಪ್ಪಿನ ಒಂದು ದವಡೆ ಫೋರ್ಸ್, ಇನ್ನೊಂದು ಸೆನ್ಸ್. ನಡುವೆ ವಿದ್ಯುತ್ ಸಂಪರ್ಕ ಇರಬಾರದು. ಅಗ್ಗದ ಕ್ಲಿಪ್‌ಗಳಲ್ಲಿ ಸ್ಪ್ರಿಂಗ್ ಅಥವಾ ಮೊಳೆಯ ಮೂಲಕ ಎರಡೂ ಸೇರಿರುವುದುಂಟು. ದವಡೆಗಳ ನಡುವೆ ಕಾಗದದ ತುಂಡು ಕಚ್ಚಿಸಿ ಬಜರ್ ರೇಂಜಿನಲ್ಲಿ ಪರೀಕ್ಷಿಸಿ, ಸದ್ದು ಬಂದರೆ ಆ ಕ್ಲಿಪ್ ಬೇಡ.

ಮೊದಲ ಸಲ ಆನ್ ಮಾಡುವಾಗ

ಮೀಟರನ್ನು ನೇರ 200 ಮಿಲಿಆಂಪಿಯರ್ ರೇಂಜಿಗೆ ಇಡಬೇಡಿ. ತಪ್ಪಿದ್ದರೆ ಅದರ ಫ್ಯೂಸ್ ಹೋಗುತ್ತದೆ. 10 ಆಂಪಿಯರ್ ಸಾಕೆಟ್ಟಿನಲ್ಲಿ ಪ್ರೋಬ್ ಇಟ್ಟು, ಎರಡು ಫೋರ್ಸ್ ಸಾಕೆಟ್‌ಗಳ ನಡುವೆ ಹಿಡಿದು ಆನ್ ಮಾಡಿ. 100 ಮಿಲಿಆಂಪಿಯರ್ ರೇಂಜಿನಲ್ಲಿ 0.09ರಿಂದ 0.11 ಬರಬೇಕು. 0.3 ದಾಟಿದರೆ ಅಡ್ಜಸ್ಟ್ ಕಾಲಿನ ಬೆಸುಗೆ ಬಿಟ್ಟಿದೆ ಅಥವಾ ಕಾಲುಗಳು ಅದಲುಬದಲಾಗಿವೆ. ಕೂಡಲೇ ಆಫ್ ಮಾಡಿ. ಏನೂ ಬರದಿದ್ದರೆ ರೇಂಜ್ ಸ್ವಿಚ್ಚಿನ ಬೆಸುಗೆ ನೋಡಿ.

ಸರಿಯಿದ್ದರೆ 200 ಮಿಲಿಆಂಪಿಯರ್ ರೇಂಜಿಗೆ ಬಂದು ಸ್ಥಿರತೆ ಪರೀಕ್ಷಿಸಿ. ಮೀಟರಿಗೆ ಸರಣಿಯಾಗಿ ಒಂದು 10 ಓಂ ಸೇರಿಸಿ, ತೆಗೆದು ನೋಡಿ. ಓದು 0.1ರಿಂದ 0.2 ಮಿಲಿಆಂಪಿಯರ್‌ಗಿಂತ ಹೆಚ್ಚು ಬದಲಾಗಬಾರದು. ಬದಲಾದರೆ ಸೆಲ್ ಸೋತಿದೆ.

ಹೊಂದಿಸುವುದು

ಈ ಹಂತಕ್ಕೆ ಸಮಯ ಕೊಡಿ. ಸರ್ಕ್ಯೂಟಿನ ಬೆಲೆ ಇಲ್ಲೇ ತೀರ್ಮಾನವಾಗುತ್ತದೆ. ಮೀಟರಿನ ಕರೆಂಟ್ ರೇಂಜ್ ನೋಡಿ 100.0 ಮಿಲಿಆಂಪಿಯರ್‌ಗೆ ಹೊಂದಿಸುವುದು ಸಹಜವಾಗಿ ತೋರುವ ದಾರಿ, ಆದರೆ ಒಳ್ಳೆಯದಲ್ಲ. ಸಾಮಾನ್ಯ ಮೀಟರಿನಲ್ಲಿ ಕರೆಂಟ್ ರೇಂಜಿನ ದೋಷವೇ ಶೇ 1ಕ್ಕೂ ಮೀರಬಹುದು, ಅದರ ಮೇಲೆ ಮಿಲಿವೋಲ್ಟ್ ರೇಂಜಿನ ದೋಷ ಸೇರುತ್ತದೆ. ಗೊತ್ತಿರುವ 1 ಓಂ ಮೇಲೆ 200 ಮಿಲಿವೋಲ್ಟ್ ರೇಂಜಿನಲ್ಲೇ 100.0 ಬರುವಂತೆ ತಿರುಗಿಸಿದರೆ ಕರೆಂಟಿನ ದೋಷ, ಮೀಟರಿನ ಗುಣಕದ ದೋಷ ಎರಡೂ ಒಟ್ಟಿಗೆ ಹೋಗುತ್ತವೆ. ಉಳಿಯುವುದು ಆ 1 ಓಂ ಎಷ್ಟು ನಂಬಿಕೆಗೆ ಅರ್ಹ ಎಂಬುದು.

ಹನ್ನೊಂದು ರೆಸಿಸ್ಟರ್ ತಂದದ್ದು ಇದಕ್ಕೇ. ಹತ್ತನ್ನು ಸಮಾಂತರವಾಗಿ ಬೆಸೆದರೆ 1.000 ಓಂ, ಶೇ 0.1ರೊಳಗೆ. 2.5 ಚದರ ಮಿಲಿಮೀಟರಿನ ಒಂಟಿ ಎಳೆ ತಾಮ್ರದ ತಂತಿಯ ಎರಡು ತುಂಡು ತೆಗೆದುಕೊಂಡು, ಹೊದಿಕೆ ಸುಲಿದು, ಎಮರಿ ಪೇಪರಿನಿಂದ ಉಜ್ಜಿ, ಏಣಿಯ ಎರಡು ಕಂಬಗಳಂತೆ ಇಟ್ಟು ರೆಸಿಸ್ಟರ್‌ಗಳನ್ನು ಮೆಟ್ಟಿಲುಗಳಾಗಿ ಬೆಸೆಯಿರಿ. ರೆಸಿಸ್ಟರ್ ಕಾಲುಗಳು ಗಿಡ್ಡವಾಗಿರಲಿ, ಸಾಲುಗಳು ಒತ್ತೊತ್ತಾಗಿರಲಿ. ಕಂಬಗಳ ನಡುಮಧ್ಯದಲ್ಲಿ ಫೋರ್ಸ್, ಅದರ ಪಕ್ಕ ಸೆನ್ಸ್ ಹಿಡಿಯಲು ಜಾಗ ಬಿಡಿ. ಹನ್ನೊಂದನೆಯ ರೆಸಿಸ್ಟರ್ ಒಂಟಿಯಾಗಿ 10 ಮಿಲಿಆಂಪಿಯರ್ ರೇಂಜಿಗೆ: 10 ಓಂ ಮೇಲೂ ಬರಬೇಕಾದ್ದು 100.0 ಮಿಲಿವೋಲ್ಟೇ.

ಹೊಂದಿಸುವ ಮೊದಲು ಸೊನ್ನೆ ನೋಡಿ. ದಪ್ಪ ತಾಮ್ರದ ತಂತಿಯ ಮೇಲೆ ಎರಡು ಸೆನ್ಸ್ ಕ್ಲಿಪ್‌ಗಳನ್ನು ಒಂದೇ ಜಾಗದಲ್ಲಿ, ಫೋರ್ಸ್ ಕ್ಲಿಪ್‌ಗಳನ್ನು ಅವುಗಳ ಆಚೀಚೆ ಹಿಡಿದು ಆನ್ ಮಾಡಿದರೆ 00.0 ಇರಬೇಕು. 0.1 ಅತ್ತಿತ್ತ ಇದ್ದರೆ ಅದು ಮೀಟರಿನದ್ದು, ಬರೆದಿಟ್ಟುಕೊಂಡು ಕಳೆಯಿರಿ. ನಂತರ 1 ಓಂ ಏಣಿ ಹಿಡಿದು, ಐದು ನಿಮಿಷ ಬಿಟ್ಟು, ಪ್ರಿಸೆಟ್ ತಿರುಗಿಸಿ 100.0ಕ್ಕೆ ತನ್ನಿ. ಸ್ಕ್ರೂಡ್ರೈವರ್ ತೆಗೆದ ಮೇಲೂ ಓದು ನಿಂತಿದೆಯೇ ನೋಡಿ, ಪ್ರಿಸೆಟ್ ತಲೆಗೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿ. ಪೆಟ್ಟಿಗೆಯ ಮೇಲೆ ಯಾವ ಮೀಟರಿಗೆ ಹೊಂದಿಸಿದ್ದು ಎಂದು ಬರೆಯಿರಿ. ಬೇರೆ ಮೀಟರ್ ಹಾಕಿದರೆ ಮತ್ತೆ ಹೊಂದಿಸಬೇಕು.

ಇಷ್ಟಾದರೆ 1 ಓಂ ಆಸುಪಾಸಿನಲ್ಲಿ ದೋಷ ಶೇ 0.5ರೊಳಗೆ ಇರುತ್ತದೆ ಎಂದು ನೆಚ್ಚಬಹುದು. 0.1 ಓಂನಲ್ಲಿ ಮೀಟರಿನ ಕೊನೆಯ ಅಂಕಿ ಎರಡು ಅತ್ತಿತ್ತ ಆದರೆ ಶೇ 2. 10 ಮಿಲಿಓಂಗೆ ಬಂದರೆ ಶೇ 20, ಅಂದರೆ ಅಂದಾಜು ಮಾತ್ರ. ದೊಡ್ಡ ಕರೆಂಟ್ ಅಳೆಯಲು ಬಳಸುವ 50 ಆಂಪಿಯರ್ 75 ಮಿಲಿವೋಲ್ಟಿನ ಶಂಟ್ ರೆಸಿಸ್ಟರಿನ ರೋಧ 1.5 ಮಿಲಿಓಂ, ಇದು ಈ ಸರ್ಕ್ಯೂಟಿನ ಕೆಲಸವಲ್ಲ. 10 ಮೈಕ್ರೋವೋಲ್ಟ್ ತೋರಿಸುವ ನಾಲ್ಕೂವರೆ ಅಂಕಿಯ ಮೀಟರ್ ಇದ್ದರೆ ಹತ್ತು ಪಟ್ಟು ಕೆಳಗೆ ಹೋಗಬಹುದು.

ಅಳೆಯುವಾಗ

ಕ್ಲಿಪ್‌ಗಳ ಕ್ರಮ ಯಾವಾಗಲೂ ಫೋರ್ಸ್, ಸೆನ್ಸ್, ಸೆನ್ಸ್, ಫೋರ್ಸ್. ಸೆನ್ಸ್ ಒಳಗೆ, ಫೋರ್ಸ್ ಹೊರಗೆ. ಸೆನ್ಸ್ ಕ್ಲಿಪ್ಪನ್ನು ಫೋರ್ಸ್ ಕ್ಲಿಪ್ಪಿನ ಮೇಲೆ ಕಚ್ಚಿಸಿದರೆ ಫೋರ್ಸ್ ಕ್ಲಿಪ್ಪಿನ ಸಂಪರ್ಕ ರೋಧವೂ ಉತ್ತರದಲ್ಲಿ ಸೇರುತ್ತದೆ. ವಸ್ತುವಿನ ಮೇಲೆಯೇ, ಯಾವ ಎರಡು ಬಿಂದುಗಳ ನಡುವಿನ ರೋಧ ಬೇಕೋ ಅಲ್ಲೇ ಸೆನ್ಸ್ ಇರಬೇಕು. ರೆಸಿಸ್ಟರಿನ ಕಾಲಿನ ಉದ್ದವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, 0.1 ಓಂ ರೆಸಿಸ್ಟರನ್ನು ದೇಹದ ಹತ್ತಿರ ಹಿಡಿದಾಗ ಒಂದು ಸಂಖ್ಯೆ, ಕಾಲಿನ ತುದಿಯಲ್ಲಿ ಹಿಡಿದಾಗ ಇನ್ನೊಂದು ಬರುತ್ತದೆ.

ಸುತ್ತುಗಳಲ್ಲಿ ಓದು ನಿಲ್ಲಲು ಹೊತ್ತು ಹಿಡಿಯುತ್ತದೆ. ಕರೆಂಟ್ ಏರುವಾಗ ಇಂಡಕ್ಟೆನ್ಸ್ ಅದನ್ನು ತಡೆಯುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರಿನಲ್ಲಿ ಹಲವು ಸೆಕೆಂಡು ಕಾಯಬೇಕು. ಮುಗಿದ ಮೇಲೆ ಮೊದಲು ಸ್ವಿಚ್ ಆಫ್, ಆಮೇಲೆ ಕ್ಲಿಪ್ ತೆಗೆಯುವುದು. ಕರೆಂಟ್ ಇರುವಾಗಲೇ ಕ್ಲಿಪ್ ಕಿತ್ತರೆ ಡಯೋಡ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಕಿಡಿ ಕೈಯಲ್ಲಿ ಸಿಡಿಯುತ್ತದೆ.

ಬೋರ್‌ವೆಲ್ ಪಂಪಿನ ಮೂರು ಫೇಸ್ ಮೋಟರಿನ ಸುತ್ತುಗಳನ್ನು ಹೋಲಿಸಲು 20 ಓಂ ರೇಂಜ್ ಹೇಳಿ ಮಾಡಿಸಿದ ಹಾಗಿದೆ. ಮೈನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದು, ಪ್ಯಾನೆಲ್‌ನಿಂದ ಮೂರೂ ತಂತಿ ಬಿಚ್ಚಿದ ಮೇಲೆಯೇ ಕ್ಲಿಪ್ ಹಾಕಬೇಕು. ಮೂರು ಜೋಡಿಗಳ ಓದು ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ಎದ್ದು ಕಾಣುವಷ್ಟು ಬೇರೆಯಾಗಿದ್ದರೆ ಸುತ್ತಿನಲ್ಲಿ ಶಾರ್ಟ್, ಇಲ್ಲವೇ ಕೇಬಲ್ ಜಾಯಿಂಟಿನಲ್ಲಿ ದೋಷ. ಕೇಬಲ್ಲಿನ ಪಾಲನ್ನು ಮರೆಯಬೇಡಿ: 2.5 ಚದರ ಮಿಲಿಮೀಟರ್ ತಾಮ್ರಕ್ಕೆ 20 ಡಿಗ್ರಿಯಲ್ಲಿ ಮೀಟರಿಗೆ 6.9 ಮಿಲಿಓಂ, 100 ಮೀಟರ್ ಆಳಕ್ಕೆ ಹೋಗಿ ಬರುವ ತಂತಿ ಸೇರಿ 1.38 ಓಂ. ಅದನ್ನು ಕಳೆದು ಉಳಿದದ್ದು ಸ್ಟಾರ್ ಜೋಡಣೆಯಲ್ಲಿ ಒಂದು ಫೇಸಿನ ಎರಡರಷ್ಟು, ಡೆಲ್ಟಾದಲ್ಲಿ ಮೂರನೇ ಎರಡರಷ್ಟು.

ಮನೆ ವೈರಿನ ಸಾಚಾತನವನ್ನೂ ನೋಡಬಹುದು. 1.5 ಚದರ ಮಿಲಿಮೀಟರ್ ಎಂದು ಬರೆದಿರುವ ವೈರಿನ 10 ಮೀಟರ್‌ಗೆ ಶುದ್ಧ ತಾಮ್ರವಾದರೆ 20 ಡಿಗ್ರಿಯಲ್ಲಿ 115 ಮಿಲಿಓಂ, 30 ಡಿಗ್ರಿಯಲ್ಲಿ 119. ಡಿಗ್ರಿಗೆ ಶೇ 0.39ರಂತೆ ತಾಮ್ರದ ರೋಧ ಏರುತ್ತದೆ, ಹಾಗಾಗಿ ಬಿಸಿಲಲ್ಲಿದ್ದ ಸುರುಳಿಯನ್ನು ನೆರಳಲ್ಲಿಟ್ಟು ಒಂದೆರಡು ಗಂಟೆ ಬಿಟ್ಟು ಅಳೆಯಿರಿ. 150 ದಾಟಿದರೆ ಎಳೆಗಳು ತೆಳ್ಳಗಿವೆ, ಇಲ್ಲವೇ ಅದು ಶುದ್ಧ ತಾಮ್ರವಲ್ಲ.

100 ಮಿಲಿಆಂಪಿಯರ್ ತಾಳದ ವಸ್ತುಗಳಿಗೆ ಇದನ್ನು ಹಾಕಬೇಡಿ: ಸಣ್ಣ ಫ್ಯೂಸ್, ಸೂಕ್ಷ್ಮ ಮೀಟರ್ ಕಾಯಿಲ್. ಕಾರಿನ ಏರ್‌ಬ್ಯಾಗ್ ತಂತಿಗಳ ಹತ್ತಿರ ಯಾವ ಕಾರಣಕ್ಕೂ ಹೋಗಬೇಡಿ.

ಓದು ಸರಿ ಬರದಿದ್ದರೆ

ಕ್ಲಿಪ್ ಅಲುಗಿಸಿದಾಗಲೆಲ್ಲ ಸಂಖ್ಯೆ ಹಾರಿದರೆ ಸೆನ್ಸ್ ದವಡೆ ಸರಿಯಾಗಿ ಕಚ್ಚಿಲ್ಲ. ಎನಾಮೆಲ್ ತಂತಿಯ ಹೊದಿಕೆಯನ್ನು ಪೂರ್ತಿ ಕೆರೆದು ತವರ ಹಚ್ಚಿ. ತಾಮ್ರ ಕಪ್ಪಾಗಿದ್ದರೆ ಉಜ್ಜಿ.

ಕರೆಂಟ್ ಆಫ್ ಇದ್ದಾಗಲೂ ಸೊನ್ನೆ ಬರದಿದ್ದರೆ ಬೇರೆ ಲೋಹಗಳು ಸೇರುವ ಜಾಗದಲ್ಲಿ ಶಾಖದಿಂದ ಹುಟ್ಟುವ ವೋಲ್ಟೇಜ್ ಇರಬಹುದು. ತಾಮ್ರ ಮತ್ತು ಬೆಸುಗೆಯ ನಡುವೆ ಅದು ಡಿಗ್ರಿಗೆ 1ರಿಂದ 3 ಮೈಕ್ರೋವೋಲ್ಟ್, ತುಕ್ಕು ಹಿಡಿದ ತಾಮ್ರದಲ್ಲಿ ಸಾವಿರ ಮೈಕ್ರೋವೋಲ್ಟಿನ ತನಕ. ಈಗಷ್ಟೇ ಬೆಸೆದ ತುದಿ ತಣ್ಣಗಾಗಲು ಬಿಡಿ. ಅವಸರವಿದ್ದರೆ ಫೋರ್ಸ್ ತಂತಿಗಳೆರಡನ್ನೂ ಅದಲುಬದಲು ಮಾಡಿ ಇನ್ನೊಮ್ಮೆ ಓದಿ, ಚಿಹ್ನೆ ಬಿಟ್ಟು ಎರಡರ ಸರಾಸರಿ ತೆಗೆಯಿರಿ. ಆ ವೋಲ್ಟೇಜ್ ತಾನಾಗಿ ರದ್ದಾಗುತ್ತದೆ.

ಎಲ್ಲ ಓದುಗಳೂ ಒಂದೇ ಪ್ರಮಾಣದಲ್ಲಿ ಹೆಚ್ಚಿದ್ದರೆ ಮೀಟರಿನ ಒಳಗಿನ ಬ್ಯಾಟರಿ ನೋಡಿ. ಅದು ಸೋತಾಗ ಅಗ್ಗದ ಮೀಟರುಗಳು ಸಾಮಾನ್ಯವಾಗಿ ಹೆಚ್ಚು ತೋರಿಸುತ್ತವೆ. 1 ಓಂ ಏಣಿಯ ಮೇಲೆ ಹಿಡಿದರೆ ತಕ್ಷಣ ಗೊತ್ತಾಗುತ್ತದೆ. ಋಣ ಚಿಹ್ನೆ ಬಂದರೆ ಸೆನ್ಸ್ ಜೋಡಿ ತಿರುಗಿದೆ, ಅಷ್ಟೇ.

ಮೀಟರ್ ಬದಲು ಎಡಿಎಸ್1115 ಮತ್ತು ಆರ್ಡುಯಿನೊ

ಹೊಂದಿಸುವ ಗೋಜೇ ಬೇಡ ಎನ್ನುವವರಿಗೆ ಇದು ಇನ್ನೂ ಒಳ್ಳೆಯ ದಾರಿ. ಎಡಿಎಸ್1115 ಎಂದರೆ ವೋಲ್ಟೇಜನ್ನು ಅಂಕಿಗಳಾಗಿ ಬದಲಿಸುವ ಚಿಪ್; ಆ ಅಂಕಿಗಳನ್ನು ಓದುವುದು ಆರ್ಡುಯಿನೊ ಎಂಬ ಸಣ್ಣ ಪ್ರೋಗ್ರಾಂ ಬೋರ್ಡ್. 5 ವೋಲ್ಟಿನಿಂದ ಎಲ್‌ಎಂ317, ಅದರಿಂದ ಅಳೆಯುವ ವಸ್ತು, ಅದರ ಕೆಳಗೆ ಆ 1 ಓಂ ಏಣಿ, ಅದರಿಂದ ಗ್ರೌಂಡ್. ವಸ್ತುವಿನ ಸೆನ್ಸ್ ತಂತಿಗಳು ಚಿಪ್ಪಿನ 0 ಮತ್ತು 1ನೇ ಇನ್‌ಪುಟ್‌ಗೆ, ಏಣಿಯ ಸೆನ್ಸ್ 2 ಮತ್ತು 3ಕ್ಕೆ. ಪ್ರತಿ ತಂತಿಗೂ ಸರಣಿಯಲ್ಲಿ 100 ಓಂ. ಎರಡರಲ್ಲೂ ಹರಿಯುವುದು ಒಂದೇ ಕರೆಂಟ್ ಆದ್ದರಿಂದ ವಸ್ತುವಿನ ರೋಧವೆಂದರೆ ಮೊದಲ ವೋಲ್ಟೇಜನ್ನು ಎರಡನೆಯದರಿಂದ ಭಾಗಿಸಿದ್ದು. ಕರೆಂಟ್ 97 ಇರಲಿ 104 ಇರಲಿ, ಉತ್ತರ ಬದಲಾಗುವುದಿಲ್ಲ; ಪ್ರಿಸೆಟ್ ಕೂಡ ಬೇಕಿಲ್ಲ.

ಎರಡೂ ಓದುಗಳನ್ನು 0.256 ವೋಲ್ಟ್ ರೇಂಜಿನಲ್ಲೇ ತೆಗೆದುಕೊಳ್ಳಿ. ಒಂದು ಮೆಟ್ಟಿಲು 7.8125 ಮೈಕ್ರೋವೋಲ್ಟ್, ಅಂದರೆ 100 ಮಿಲಿಆಂಪಿಯರ್‌ನಲ್ಲಿ 0.08 ಮಿಲಿಓಂ. ವೇಗ ಸೆಕೆಂಡಿಗೆ 8 ಓದು ಇಟ್ಟು, 16ರ ಸರಾಸರಿ ತೆಗೆಯಿರಿ. 5 ವೋಲ್ಟ್ ಬರುವ ದಾರಿಯಲ್ಲಿ ಟ್ರಾನ್ಸಿಸ್ಟರ್ ಸ್ವಿಚ್ ಇಟ್ಟು ಪ್ರತಿ ಅಳತೆಗೂ ಮೊದಲು ಕರೆಂಟ್ ನಿಲ್ಲಿಸಿ ಒಂದು ಓದು ತೆಗೆದು ಕಳೆದರೆ, ಚಿಪ್ಪಿನ ಸೊನ್ನೆಯ ದೋಷ ಮತ್ತು ಶಾಖದ ವೋಲ್ಟೇಜ್ ಎರಡೂ ಹೋಗುತ್ತವೆ. ಎಲ್‌ಎಂ317ಕ್ಕೆ 5 ವೋಲ್ಟಿಗಿಂತ ಹೆಚ್ಚು ಕೊಡಬೇಡಿ: ಚಿಪ್ಪಿನ ಇನ್‌ಪುಟ್ ಅದರ ಸಪ್ಲೈ ಮೀರಬಾರದು, ಕ್ಲಿಪ್ ಬಿಟ್ಟಿರುವಾಗ ಫೋರ್ಸ್ ಧನ ತುದಿ ಮೇಲಕ್ಕೆ ಏರಿ ನಿಂತಿರುತ್ತದೆ.